ಎಡಿಸನ್‌ನ ಪುಟ್ಟ ಟ್ಯಾಕ್ಸ್ ಆಫೀಸು: ಸೆಪರೇಟ್ ರಿಟರ್ನನ್ನು ಜಾಯಿಂಟ್ ಮಾಡಿಸಿದ ಅನುಭವ

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಒಬ್ಬ ಮೇಡಂ ಒಬ್ಬರೇ ನಡೆಸುವ ಟ್ಯಾಕ್ಸ್ ಆಫೀಸಿದು. ಅವರು ಎನ್ರೋಲ್ಡ್ ಏಜೆಂಟ್. ಅಂದರೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಮುಂದೆ ನಮ್ಮ ಪರವಾಗಿ ಮಾತಾಡುವ ಅಧಿಕಾರ ಇರುವವರು. ನೀವು ಎಚ್-1ಬಿ ಕೆಲಸದ ವೀಸಾ ಮೇಲೆ ಇಲ್ಲಿದ್ದು, ಗಂಡನೋ ಹೆಂಡತಿಯೋ ಇನ್ನೂ ಊರಲ್ಲೇ ಇದ್ದರೆ ಇಂಥವರ ಹತ್ತಿರವೇ ಹೋಗಬೇಕು.

2023ರ ನವೆಂಬರ್‌ನಲ್ಲಿ ಶಿವಮೊಗ್ಗದಲ್ಲಿ ನನ್ನ ಮದುವೆ ಆಯಿತು. ನಮ್ಮವರು ಅಲ್ಲೇ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು, ಇಲ್ಲಿಗೆ ಬಂದಿದ್ದು ಮುಂದಿನ ವರ್ಷ. ಡಿಸೆಂಬರ್ 31ಕ್ಕೆ ಮದುವೆ ಆಗಿದ್ದರೆ ಇಡೀ ವರ್ಷಕ್ಕೂ ಮದುವೆ ಆದವರು ಅಂತಲೇ ಲೆಕ್ಕ, ಸಿಂಗಲ್ ಅಂತ ಹಾಕುವ ಹಾಗಿಲ್ಲ. ಆಗ ರಿಟರ್ನ್ ಮಾಡಿಕೊಟ್ಟ ಆನ್‌ಲೈನ್ ಸೇವೆಯವರು, ಗಂಡನಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲ, ಸೆಪರೇಟ್ (ಗಂಡ ಹೆಂಡತಿ ಬೇರೆ ಬೇರೆ ರಿಟರ್ನ್) ಬಿಟ್ಟು ಬೇರೆ ದಾರಿ ಇಲ್ಲ ಅಂದುಬಿಟ್ಟರು. ದಾರಿ ಇತ್ತು, ಅವರು ಹುಡುಕಲಿಲ್ಲ ಅಷ್ಟೇ. ಈಗಲೂ ಅದು ನೆನಪಾದರೆ ಸಿಟ್ಟು ಬರುತ್ತದೆ.

ಈ ಮೇಡಂ ಎರಡು 1040 ಫಾರಂ (ಆದಾಯ ತೆರಿಗೆ ರಿಟರ್ನ್) ಪ್ರಿಂಟ್ ತೆಗೆದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಒಂದರಲ್ಲಿ ಸೆಪರೇಟ್, ಇನ್ನೊಂದರಲ್ಲಿ ಜಾಯಿಂಟ್, ಅಂದರೆ ಇಬ್ಬರದೂ ಸೇರಿ ಒಂದೇ ರಿಟರ್ನ್. ಪೆನ್ಸಿಲ್ ಹಿಡಿದು ಒಂದೊಂದೇ ಸಾಲು ತೋರಿಸುತ್ತಾ ಬಂದರು. 2023ಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಲೆಕ್ಕಕ್ಕೆ ಮುಂಚೆ ಆದಾಯದಲ್ಲಿ ಕಳೆಯುವ ಮೊತ್ತ) ಸೆಪರೇಟ್‌ನಲ್ಲಿ 13,850 ಡಾಲರ್, ಜಾಯಿಂಟ್‌ನಲ್ಲಿ 27,700. ಸೆಪರೇಟ್‌ನಲ್ಲಿ ತೆರಿಗೆ ಬೀಳುವ ಆದಾಯ 95,375 ದಾಟಿದರೆ ಮೇಲಿನದ್ದಕ್ಕೆ ಶೇ. 24. ಜಾಯಿಂಟ್‌ನಲ್ಲಿ 89,450ರವರೆಗೂ ಶೇ. 12ರ ಒಳಗೇ. ನನ್ನ ಸಂಬಳ 1,10,000 ಡಾಲರ್. ನಮ್ಮವರ ಸಂಬಳ ಸೇರಿಸಿದ ಮೇಲೂ ತೆರಿಗೆ ಸುಮಾರು ಆರು ಸಾವಿರ ಡಾಲರ್ ಕಡಿಮೆ ಬಂತು.

ಆದರೆ ನನಗೆ ಅವರ ಮೇಲೆ ನಂಬಿಕೆ ಬಂದಿದ್ದು ಆ ಮೊತ್ತ ನೋಡಿ ಅಲ್ಲ. ತಕ್ಷಣ ಸಹಿ ಹಾಕಿಸಿಕೊಳ್ಳಲಿಲ್ಲ, ಅದಕ್ಕೆ. ಜಾಯಿಂಟ್ ಮಾಡಿದರೆ ಏನೇನು ಮೈಮೇಲೆ ಬರುತ್ತದೆ ಅಂತ ಮೊದಲು ಹೇಳಿದರು. ಗಂಡನನ್ನೂ ಇಲ್ಲಿನ ರೆಸಿಡೆಂಟ್ ಅಂತ ಪರಿಗಣಿಸಿ ಎಂದು ಇಬ್ಬರೂ ಸಹಿ ಮಾಡಿದ ಪತ್ರ ಲಗತ್ತಿಸಬೇಕು. ಆಮೇಲೆ ಅವರ ಇಡೀ ವರ್ಷದ ಆದಾಯ ತೋರಿಸಬೇಕು, ಮದುವೆಗೆ ಮುಂಚಿನ ತಿಂಗಳುಗಳ ಸಂಬಳ, ಎಫ್‌ಡಿ ಬಡ್ಡಿ ಎಲ್ಲಾ. ಪೂರ್ತಿ ತೆರಿಗೆಗೆ ಇಬ್ಬರೂ ಹೊಣೆ. ಸೆಪರೇಟ್‌ನಿಂದ ಜಾಯಿಂಟ್‌ಗೆ ಬರಲು ರಿಟರ್ನ್ ಗಡುವಿನಿಂದ ಮೂರು ವರ್ಷ ಟೈಮ್ ಇದೆ. ಜಾಯಿಂಟ್‌ನಿಂದ ಸೆಪರೇಟ್‌ಗೆ ಹೋಗುವುದಾದರೆ ಆ ಗಡುವಿನೊಳಗೇ ಆಗಬೇಕು. ನಮಗೆ 2024ರ ಏಪ್ರಿಲ್ 15 ಆಗಲೇ ಮುಗಿದಿತ್ತು. "ಒಮ್ಮೆ ಹೋದರೆ ವಾಪಸ್ ಬರೋಕಾಗಲ್ಲ, ಮನೆಗೆ ಹೋಗಿ ಇಬ್ಬರೂ ಮಾತಾಡಿಕೊಂಡು ಬನ್ನಿ" ಅಂತ ಕಳಿಸಿಬಿಟ್ಟರು. ಹೀಗೆ ಹೇಳುವವರು ಎಷ್ಟು ಜನ ಸಿಗುತ್ತಾರೆ?

ಹೆಡ್ ಆಫ್ ಹೌಸ್‌ಹೋಲ್ಡ್ (ಮನೆ ನಡೆಸುವವರಿಗೆ ಇರುವ ಬೇರೆ ವರ್ಗ) ಹಾಕಬಹುದಾ ಅಂತಲೂ ಕೇಳಿದೆ, ಆಫೀಸಿನಲ್ಲಿ ಯಾರೋ ಹೇಳಿದ್ದರು. ಖಡಾಖಂಡಿತ ಆಗಲ್ಲ ಅಂದರು. ಗಂಡ ಪರದೇಶದಲ್ಲಿದ್ದರೆ ಸಾಲದು, ಮಗುವಿನ ಹಾಗೆ ನಿಯಮಕ್ಕೆ ಒಪ್ಪುವ ಇನ್ನೊಬ್ಬರು ಬೇಕಂತೆ.

ಇನ್ನೊಂದು ದೊಡ್ಡ ಅನುಕೂಲ ಐಟಿಐಎನ್‌ದು, ಅಂದರೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಸಿಗದವರಿಗೆ ಐಆರ್‌ಎಸ್ ಕೊಡುವ ತೆರಿಗೆ ನಂಬರ್. ಐಆರ್‌ಎಸ್ ಒಪ್ಪಿದ ಸರ್ಟಿಫೈಯಿಂಗ್ ಅಕ್ಸೆಪ್ಟೆನ್ಸ್ ಏಜೆಂಟ್ ಕೂಡ ಇವರೇ. ಪಾಸ್‌ಪೋರ್ಟ್ ಪರಿಶೀಲಿಸಿ ಅಲ್ಲೇ ಕೈಗೆ ವಾಪಸ್ ಕೊಟ್ಟರು. ವೀಸಾ ಇರುವ ಪಾಸ್‌ಪೋರ್ಟನ್ನು ಆಸ್ಟಿನ್‌ನ ಐಆರ್‌ಎಸ್ ಕಚೇರಿಗೆ ಅಂಚೆಯಲ್ಲಿ ಕಳಿಸಿ ಕಾಯುವ ಆತಂಕ ತಪ್ಪಿತು. ಐಟಿಐಎನ್‌ಗೆ ಹಾಕುವ ಡಬ್ಲ್ಯೂ-7 ಅರ್ಜಿ, ತಿದ್ದಿದ ರಿಟರ್ನಿನ 1040-ಎಕ್ಸ್ ಎರಡೂ ಒಟ್ಟಿಗೇ ಹೋದವು.

ಕೊರತೆ ಅಂದರೆ ಸೀಸನ್ನಿನಲ್ಲಿ ಫೋನ್ ಎತ್ತುವುದೇ ಇಲ್ಲ, ಮೆಸೇಜಿಗೂ ಉತ್ತರ ತಡ. ಇವರೊಬ್ಬರೇ ಅಲ್ವಾ. ಫೀಸ್ 400 ಡಾಲರ್, ಸಾಫ್ಟ್‌ವೇರ್‌ಗಿಂತ ಜಾಸ್ತಿ, ಆದರೆ ಕೆಲಸಕ್ಕೆ ತಕ್ಕದ್ದು. ತಿದ್ದಿದ ರಿಟರ್ನ್‌ಗೆ 16 ವಾರದವರೆಗೂ ಆಗಬಹುದು ಅಂತ ಐಆರ್‌ಎಸ್ ಹೇಳುತ್ತದೆ, ಅದು ಇವರ ಕೈಯಲ್ಲಿಲ್ಲ.

ಹಳೇ ರಿಟರ್ನ್ ತಿದ್ದಿಸುವುದಿದ್ದರೆ ಏಪ್ರಿಲ್ 15 ಕಳೆದ ಮೇಲೆ ಹೋಗಿ, ಕೂತು ಮಾತಾಡಲು ಸಮಯ ಕೊಡುತ್ತಾರೆ. ಮೂಲ ಪಾಸ್‌ಪೋರ್ಟ್, ಹಳೇ ರಿಟರ್ನ್, ಫಾರಂ 16, ಊರಿನ ಬ್ಯಾಂಕಿನ ಬಡ್ಡಿ ಲೆಕ್ಕ ಜೊತೆಗಿರಲಿ.