ಕೋಂಪೆಟಾ ಹಳ್ಳಿಯ ಭೇಟಿ: ಅರ್ಧ ದಿನ ಸಾಕೇ?

ಮಂಗಳೂರು, ಉಡುಪಿಗಳಲ್ಲಿ ಮಾರಾಟವಾಗುವ ಸ್ಪೇನ್ ಪ್ರವಾಸದ ಪ್ಯಾಕೇಜುಗಳಲ್ಲಿ ಮ್ಯಾಡ್ರಿಡ್, ಬಾರ್ಸಿಲೋನಾ ಮತ್ತು ಗ್ರನಾಡಾದ ಅಲ್ಹಾಂಬ್ರಾ ಅರಮನೆಯ ನಡುವೆ ಎಲ್ಲಿಯೋ ಒಂದು ಕಡೆ ‘ಬಿಳಿ ಹಳ್ಳಿ ಮತ್ತು ವೈನ್ ರುಚಿ’ ಎಂಬ ಅರ್ಧ ದಿನದ ಭೇಟಿಯನ್ನು ಸೇರಿಸಿರುವುದುಂಟು. ನಮ್ಮ ಕುಟುಂಬ ಆರಿಸಿಕೊಂಡ ಪ್ಯಾಕೇಜಿನಲ್ಲಿ ಆ ಹಳ್ಳಿ ದಕ್ಷಿಣ ಸ್ಪೇನಿನ ಮಾಲಗಾ ಪ್ರಾಂತ್ಯದ ಕೋಂಪೆಟಾ. ಊರು ಅತ್ಯುತ್ತಮ, ಅಲ್ಲಿಯ ಮಾರ್ಗದರ್ಶಕಿ ಉತ್ತಮ, ಆದರೆ ಅರ್ಧ ದಿನದ ಏರ್ಪಾಡು ಕೊಟ್ಟ ಹಣಕ್ಕೆ ತಕ್ಕುದಲ್ಲ ಎಂಬುದು ನನ್ನ ಅಭಿಪ್ರಾಯ. ಪ್ರವಾಸದ ಗುಂಪು ಊರಿಗೆ ಹೊರಟ ಮೇಲೆ ನಾವು ಮತ್ತೆ ಕೋಂಪೆಟಾಕ್ಕೆ ಹೋಗಿ ತಂಗಿದ್ದರಿಂದ, ಪ್ಯಾಕೇಜಿನವರು ತೋರಿಸಿದ್ದೆಷ್ಟು, ಬಿಟ್ಟದ್ದೆಷ್ಟು ಎಂಬುದನ್ನು ಹೋಲಿಸಿ ನೋಡುವ ಅವಕಾಶ ನಮಗೆ ದೊರೆಯಿತು.

ಮಾಲಗಾ ನಗರದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಸಮುದ್ರಮಟ್ಟದಿಂದ 600 ಮೀಟರಿಗಿಂತ ಸ್ವಲ್ಪ ಹೆಚ್ಚು ಎತ್ತರದಲ್ಲಿ ಈ ಊರಿದೆ. ಹಿಂದೆ ಅಲ್ಮಿಹಾರಾ ಮತ್ತು ತೆಹೇದಾ ಪರ್ವತಗಳು, ಮುಂದೆ ಕೆಳಗೆ ಮೆಡಿಟರೇನಿಯನ್ ಸಮುದ್ರ. ಆಕ್ಸಾರ್ಕಿಯಾ ಎಂದು ಕರೆಯುವ ಈ ಸೀಮೆಯ ತಗ್ಗಿನ ಕಣಿವೆಗಳಲ್ಲಿ ಮಾವು ಮತ್ತು ಬೆಣ್ಣೆಹಣ್ಣಿನ ತೋಟಗಳಿವೆ. ಬಸ್ಸಿನ ಕಿಟಕಿಯಿಂದ ಮಾವಿನ ತೋಪು ಕಂಡಾಗ ನಮ್ಮ ಅತ್ತೆಯವರು ಎದ್ದು ಕುಳಿತದ್ದು ಸಹಜವೇ. ಸಯಲೋಂಗಾ ಎಂಬ ಹಳ್ಳಿ ದಾಟಿ ಮೇಲೇರಿದಂತೆ ನೀರು ಬೇಡುವ ಆ ತೋಟಗಳು ಹಿಂದೆ ಸರಿದು, ನೀರಾವರಿಯಿಲ್ಲದೆ ಮಳೆಯನ್ನೇ ನಂಬಿದ ದ್ರಾಕ್ಷಿ ಗಿಡಗಳು ಕಡಿದಾದ ಇಳಿಜಾರುಗಳಲ್ಲಿ ಕಾಣಿಸಿಕೊಳ್ಳುತ್ತವೆ. ನಾಸಿಕ ಅಥವಾ ವಿಜಯಪುರದ ಕಡೆಯ ಚಪ್ಪರದ ದ್ರಾಕ್ಷಿ ತೋಟಗಳನ್ನು ನೋಡಿದವರಿಗೆ ಇವು ದ್ರಾಕ್ಷಿಯೆಂದು ಕೂಡಲೇ ಹೊಳೆಯುವುದು ಕಷ್ಟ. ಏಕೆಂದರೆ ಇಲ್ಲಿ ಚಪ್ಪರವಿಲ್ಲ, ತಂತಿಯಿಲ್ಲ. ಮೊಣಕಾಲೆತ್ತರದ ಕುಳ್ಳ ಗಿಡಗಳು ಪದರಗಲ್ಲಿನ ನೆಲದಲ್ಲಿ ಒಂದೊಂದಾಗಿ ನಿಂತಿವೆ.

ಪ್ಯಾಕೇಜಿನ ಮೊದಲ ದೋಷ ಸಮಯದ್ದು. ನಮ್ಮ ಬಸ್ಸು ಊರು ತಲುಪಿದಾಗ ಮಧ್ಯಾಹ್ನ ಎರಡು ಗಂಟೆ ದಾಟಿತ್ತು, ಹೊರಡುವ ಹೊತ್ತು ಐದು ಎಂದು ನಿಗದಿಯಾಗಿತ್ತು. ಸ್ಪೇನಿನ ಹಳ್ಳಿಗಳಲ್ಲಿ ಅಂಗಡಿಗಳು ಬಾಗಿಲು ಹಾಕುವುದು ಸರಿಯಾಗಿ ಅದೇ ಅವಧಿಯಲ್ಲಿ. ಬಿಸಿಲಿನಲ್ಲಿ ಕಣ್ಣು ಕುಕ್ಕುವ ಬಿಳಿ ಗೋಡೆಗಳು, ಮುಚ್ಚಿದ ಕದಗಳು, ನೆರಳಲ್ಲಿ ಮಲಗಿದ ಬೆಕ್ಕುಗಳು, ಇಷ್ಟನ್ನು ಕಂಡು ಸಹಪ್ರಯಾಣಿಕರಲ್ಲಿ ಹಲವರು ಊರಿನಲ್ಲಿ ಜನರೇ ಇಲ್ಲವೆಂದು ತೀರ್ಮಾನಿಸಿ ಬಸ್ಸಿಗೆ ಮರಳಿದರು. ಸಂಜೆ ಏಳರ ನಂತರ ಅದೇ ಊರಿನ ಅಲ್ಮಿಹಾರಾ ಚೌಕದಲ್ಲಿ ಚರ್ಚಿನ ಎದುರು ಕುರ್ಚಿ ಸಿಗುವುದಿಲ್ಲ. ಸುಮಾರು ನಾಲ್ಕು ಸಾವಿರ ಜನರಿರುವ ಈ ಊರಿನಲ್ಲಿ ಉತ್ತರ ಯುರೋಪಿನಿಂದ ಬಂದು ನೆಲೆಸಿದವರೂ ಬಹಳ ಮಂದಿಯಿದ್ದಾರೆ. ಅವರು, ಸ್ಥಳೀಯ ಅಜ್ಜಂದಿರು, ಚೆಂಡಾಡುವ ಮಕ್ಕಳು ಎಲ್ಲರೂ ಆ ಹೊತ್ತಿಗೆ ಹೊರಬರುತ್ತಾರೆ. ಮುಚ್ಚಿದ ಊರನ್ನು ತೋರಿಸಿ ಹಣ ಪಡೆಯುವುದು ಯಾವ ವ್ಯಾಪಾರವೆಂದು ನನಗೆ ತಿಳಿಯಲಿಲ್ಲ.

ಮಾರ್ಗದರ್ಶಕಿ ಮಾತ್ರ ಆ ಬಿಸಿಲಿನಲ್ಲಿಯೂ ತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡಿದರು. ಗೋಡೆಗಳ ಬಿಳುಪು ಪ್ರವಾಸಿಗರಿಗಾಗಿ ಬಂದದ್ದಲ್ಲ, ಸುಣ್ಣ ಬಿಸಿಲನ್ನು ಹಿಂದಕ್ಕೆ ತಳ್ಳಿ ಮನೆಯ ಒಳಗನ್ನು ತಂಪಾಗಿಡುತ್ತದೆ, ಹುಳುಹುಪ್ಪಟೆಗಳನ್ನೂ ದೂರವಿಡುತ್ತದೆ ಎಂದು ವಿವರಿಸಿದರು. ಪರ್ವತದ ಸುಣ್ಣಕಲ್ಲನ್ನು ಗೂಡುಗಳಲ್ಲಿ ಸುಟ್ಟು ಸುಣ್ಣ ಮಾಡುವ ಕಸುಬು ಈ ಬೆಟ್ಟಗಳಲ್ಲಿ ಹಿಂದೆ ನಡೆಯುತ್ತಿತ್ತು, ಹಳೆಯ ಗೂಡುಗಳ ಅವಶೇಷ ಈಗಲೂ ಉಳಿದಿದೆ. ಮರುವಾಯಿ ಚಿಪ್ಪು ಸುಟ್ಟು ಮಾಡಿದ ಸುಣ್ಣವನ್ನು ದೀಪಾವಳಿಗೆ ಮುಂಚೆ ಗೋಡೆಗೆ ಬಳಿಯುವುದನ್ನು ಕಂಡ ತಲೆಮಾರಿನವರಾದ ಅತ್ತೆಯವರು ಗೋಡೆಯ ಮೂಲೆಯೊಂದನ್ನು ಕೈಯಿಂದ ಸವರಿ ನೋಡಿ, “ಇದು ಸುಣ್ಣ, ಆಚೆ ಮನೆಯದ್ದು ಪೇಂಟ್ ಮಾರಾಯ್ತಿ” ಎಂದರು. ಮಾರ್ಗದರ್ಶಕಿಗೆ ನಾನು ಅದನ್ನು ತಿಳಿಸಿದಾಗ ಅವರೂ ಒಪ್ಪಿಕೊಂಡರು. ವರ್ಷ ವರ್ಷವೂ ಬಳಿದ ಸುಣ್ಣದ ಪದರಗಳು ದಪ್ಪವಾಗಿ ಹಳೆಯ ಮನೆಗಳ ಅಂಚುಗಳೆಲ್ಲ ದುಂಡಗಾಗಿವೆ. ಪೇಂಟ್ ಹಚ್ಚಿದ ಹೊಸ ಮನೆಗಳ ಅಂಚು ಚೂಪಾಗಿಯೇ ಇದೆ. ಊರಿನ ಹಳೆಯ ಭಾಗ ಯಾವುದು, ಹೊಸದು ಯಾವುದು ಎಂದು ತಿಳಿಯಲು ಇದಕ್ಕಿಂತ ಸುಲಭದ ಗುರುತು ಬೇಕಿಲ್ಲ.

ಪ್ಯಾಕೇಜಿನಲ್ಲಿ ಇಲ್ಲದ, ಆದರೆ ಇಡೀ ಭೇಟಿಯಲ್ಲಿ ಅತ್ಯಂತ ಬೆಲೆಯುಳ್ಳದ್ದಾಗಿ ನನಗೆ ಕಂಡದ್ದು ದ್ರಾಕ್ಷಿಯನ್ನು ಒಣಗಿಸುವ ಕಣಗಳು. ಇಲ್ಲಿ ಬೆಳೆಯುವುದು ಅಲೆಕ್ಸಾಂಡ್ರಿಯಾದ ಮಸ್ಕತ್ ಎಂಬ ತಳಿ. ಹಣ್ಣು ದಪ್ಪ, ಬೀಜವಿರುತ್ತದೆ, ಪರಿಮಳ ಕೈಗೆ ಅಂಟಿಕೊಳ್ಳುವಷ್ಟು ಗಾಢ. ಆಗಸ್ಟ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ಕೊಯ್ದ ಗೊಂಚಲುಗಳನ್ನು ಮನೆಯ ಪಕ್ಕದ ಇಳಿಜಾರಿನಲ್ಲಿ, ದಕ್ಷಿಣಕ್ಕೆ ಮುಖಮಾಡಿ ಕಟ್ಟಿದ ಉದ್ದುದ್ದ ಚೌಕಟ್ಟುಗಳಲ್ಲಿ ಹರಡುತ್ತಾರೆ. ಪ್ರತಿ ಚೌಕಟ್ಟಿಗೂ ಸುಣ್ಣ ಬಳಿದ ಅಂಚುಕಟ್ಟೆ ಇರುತ್ತದೆ. ಇಬ್ಬನಿ ತಗಲದಂತೆ ರಾತ್ರಿ ಅದರ ಮೇಲೆ ಬಟ್ಟೆ ಹೊದಿಸುತ್ತಾರೆ, ಬೆಳಗ್ಗೆ ತೆಗೆಯುತ್ತಾರೆ, ನಡುವೆ ಒಮ್ಮೆ ಗೊಂಚಲುಗಳನ್ನು ಕೈಯಿಂದಲೇ ಮಗುಚುತ್ತಾರೆ. ನಾವು ನೋಡಿದ ಕಣದಲ್ಲಿ ವಯಸ್ಸಾದ ದಂಪತಿ ತಗ್ಗಾದ ಕುರ್ಚಿಗಳಲ್ಲಿ ಕುಳಿತು, ಒಣಗಿದ ಗೊಂಚಲನ್ನು ತೊಡೆಯ ಮೇಲಿಟ್ಟುಕೊಂಡು, ಸಣ್ಣ ಕತ್ತರಿಯಿಂದ ಹಣ್ಣುಗಳನ್ನು ಒಂದೊಂದಾಗಿ ಕತ್ತರಿಸಿ ಗಾತ್ರದ ಪ್ರಕಾರ ಬುಟ್ಟಿಗಳಿಗೆ ಹಾಕುತ್ತಿದ್ದರು. ಆ ಇಳಿಜಾರುಗಳಲ್ಲಿ ಯಂತ್ರ ಓಡಾಡಲಾರದು. ಪೆಟ್ಟಿಗೆಗಳನ್ನು ಕೆಳಗಿಳಿಸಲು ಹೇಸರಗತ್ತೆಗಳೇ ಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಈ ಒಣದ್ರಾಕ್ಷಿಯ ಕೃಷಿಪದ್ಧತಿಯನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಗಳ ಪಟ್ಟಿಗೆ ಸೇರಿಸಿದೆ. ಇಂಥದ್ದನ್ನು ಬಿಟ್ಟು ಸ್ಮರಣಿಕೆ ಅಂಗಡಿಗೆ ಮುಕ್ಕಾಲು ಗಂಟೆ ಮೀಸಲಿಟ್ಟ ಪ್ಯಾಕೇಜಿನ ವಿವೇಚನೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದರಲ್ಲೂ ಆ ಅಂಗಡಿ ನಾವು ಹೋದಾಗ ಮುಚ್ಚಿತ್ತು.

ವೈನ್ ರುಚಿಯ ಭಾಗ ಮಿಶ್ರ ಅನುಭವ. ಬಿಸಿಲಲ್ಲಿ ಬಾಡಿಸಿದ ಮಸ್ಕತ್ ದ್ರಾಕ್ಷಿಯಿಂದ ಮಾಡುವ ಸಿಹಿ ವೈನು ಈ ಊರಿನ ವಿಶೇಷ. ಬಣ್ಣ ಜೇನಿನದ್ದು, ಮದ್ಯಾಂಶ ಶೇಕಡಾ 15ರ ಆಸುಪಾಸು. ಮಂಗಳೂರಿನ ಕ್ರೈಸ್ತ ನೆರೆಹೊರೆಯವರು ಕ್ರಿಸ್‌ಮಸ್‌ಗೆಂದು ಭರಣಿಯಲ್ಲಿ ಮಾಡಿಡುವ ದ್ರಾಕ್ಷಿ ವೈನಿನ ರುಚಿ ಬಲ್ಲವರಿಗೆ ಇದರ ಸಿಹಿ ಅಪರಿಚಿತವಾಗದು, ಆದರೆ ಇಲ್ಲಿ ಸಿಹಿ ಹಣ್ಣಿನದ್ದೇ. ಗುಂಪಿನ ಭೇಟಿಯಲ್ಲಿ ಪುಟ್ಟ ಪ್ಲಾಸ್ಟಿಕ್ ಲೋಟಗಳಲ್ಲಿ ಸಾಲಾಗಿ ಸುರಿದು, ಹತ್ತು ನಿಮಿಷದಲ್ಲಿ ಮುಗಿಸಿ ಬಾಟಲಿ ಕೊಳ್ಳುವಂತೆ ಒತ್ತಾಯಿಸಿದರು. ಅದೇ ನೆಲಮಾಳಿಗೆಗೆ ನಾವಾಗಿ ಹೋದಾಗ ಗಾಜಿನ ಲೋಟ, ಬಾದಾಮಿ, ಅವಸರವಿಲ್ಲದ ಮಾತು ಎಲ್ಲವೂ ಸಿಕ್ಕಿತು. ಮಾಲಗಾದ ದ್ರಾಕ್ಷಿ ಬೇಸಾಯವನ್ನು 1878ರಲ್ಲಿ ಕಾಣಿಸಿಕೊಂಡ ಫಿಲಾಕ್ಸೆರಾ ಎಂಬ ಬೇರುಹುಳು ನೆಲಕಚ್ಚಿಸಿದ ಕಥೆಯನ್ನು ಅಲ್ಲಿಯೇ ಕೇಳಿದ್ದು. ಬಳಿಕ ಹುಳುವನ್ನು ತಡೆಯಬಲ್ಲ ಅಮೆರಿಕದ ಬೇರಿಗೆ ಸ್ಥಳೀಯ ತಳಿಯನ್ನು ಕಸಿ ಕಟ್ಟಿ ಬೇಸಾಯವನ್ನು ಮತ್ತೆ ಎಬ್ಬಿಸಿದರಾದರೂ, ಹಿಂದಿನ ವಿಸ್ತಾರ ಮರಳಿ ಬರಲೇ ಇಲ್ಲ.

ಊಟದ ವಿಷಯದಲ್ಲಿ ಪ್ಯಾಕೇಜಿಗೆ ಕನಿಷ್ಠ ಅಂಕ. ‘ಸಸ್ಯಾಹಾರಿ ಊಟ’ ಎಂದು ಬರೆದು ಕೊಟ್ಟಿದ್ದರೂ ಬಂದ ಸಲಾಡಿನ ಮೇಲೆ ಟ್ಯೂನಾ ಮೀನಿತ್ತು, ಜೊತೆಗೆ ಮೊಟ್ಟೆಯ ಆಮ್ಲೆಟ್. ಅತ್ತೆಯವರು ಬ್ರೆಡ್ ಮತ್ತು ಆಲಿವ್‌ಗಳಲ್ಲಿ ಹೊತ್ತು ಕಳೆದರು. ದೂರು ಕೊಟ್ಟಾಗ ಮಂಗಳೂರಿನ ಏಜೆನ್ಸಿಯಿಂದ ಬಂದ ಉತ್ತರವೂ ಅಷ್ಟೇ ರುಚಿಯಿಲ್ಲದ್ದು. ಆದರೆ ದೋಷ ಈ ಸೀಮೆಯ ಅಡುಗೆಯದ್ದಲ್ಲ. ಬಾದಾಮಿ, ಬೆಳ್ಳುಳ್ಳಿ, ಬ್ರೆಡ್, ಆಲಿವ್ ಎಣ್ಣೆ ಅರೆದು ತಣ್ಣಗೆ ಬಡಿಸುವ ಆಹೋಬ್ಲಾಂಕೋ ಎಂಬ ಬಿಳಿ ಸಾರಿನ ಮೇಲೆ ತಾಜಾ ಮಸ್ಕತ್ ದ್ರಾಕ್ಷಿ ಹಾಕಿ ಕೊಡುತ್ತಾರೆ, ಸೊಗಸಾಗಿದೆ. ಬದನೆಯನ್ನು ತೆಳ್ಳಗೆ ಹೆಚ್ಚಿ ಹಿಟ್ಟಿನಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕರಿದು, ಮೇಲೆ ಕಪ್ಪು ಕಬ್ಬಿನ ಪಾಕ ಸುರಿದು ಕೊಡುವ ತಿನಿಸು ಇನ್ನೂ ಸೊಗಸು. ಮಟ್ಟುಗುಳ್ಳದ ಊರಿನವರನ್ನು ಬದನೆಯಿಂದ ಮೆಚ್ಚಿಸುವುದು ಸುಲಭವಲ್ಲ, ಆದರೂ ಅತ್ತೆಯವರು ಎರಡನೆಯ ತಟ್ಟೆ ತರಿಸಿದರು. ಬ್ರೆಡ್ಡಿನ ತುಣುಕುಗಳನ್ನು ಬೆಳ್ಳುಳ್ಳಿಯೊಂದಿಗೆ ಹುರಿದು ಮಾಡುವ ಮಿಗಾಸ್ ಕೇಳುವಾಗ ಮಾತ್ರ ಎಚ್ಚರವಿರಲಿ. ಹೇಳದಿದ್ದರೆ ಅದರಲ್ಲಿ ಸಾಮಾನ್ಯವಾಗಿ ಹಂದಿಮಾಂಸ ಇರುತ್ತದೆ.

ಆ ಕಬ್ಬಿನ ಪಾಕದ ಮೂಲ ಹುಡುಕಿ ನಾವು ಫ್ರಿಹಿಲಿಯಾನಾಕ್ಕೂ ಹೋದೆವು. ಕಡಲತೀರದ ನೆರ್ಹಾದಿಂದ ಸುಮಾರು 6 ಕಿಲೋಮೀಟರ್ ಮೇಲಿರುವ ಇನ್ನೊಂದು ಬಿಳಿ ಹಳ್ಳಿ ಅದು. ಅಲ್ಲಿ 16ನೆಯ ಶತಮಾನದ ಕೊನೆಗೆ ಕಟ್ಟಿದ ಭವನವೊಂದರಲ್ಲಿ, ಯುರೋಪಿನ ಮುಖ್ಯ ಭೂಭಾಗದಲ್ಲಿ ಉಳಿದಿರುವ ಏಕೈಕ ಕಬ್ಬಿನ ಪಾಕದ ಕಾರ್ಖಾನೆಯಿದೆ. ಡಬ್ಬಿ ತೆರೆದು ಬೆರಳಿಗೆ ಹಚ್ಚಿಕೊಂಡ ಅತ್ತೆಯವರು, “ಜೋನಿಬೆಲ್ಲವೇ, ಸ್ವಲ್ಪ ಕಹಿ ಉಂಟು” ಎಂದರು. 1569ರಲ್ಲಿ ಇಲ್ಲಿಯ ಮೊರಿಸ್ಕೋಗಳು, ಅಂದರೆ ಮತಾಂತರಕ್ಕೆ ಒಳಗಾದ ಮುಸ್ಲಿಮರು, ಸ್ಪೇನಿನ ದೊರೆಯ ಸೈನ್ಯದೊಡನೆ ಹೋರಾಡಿ ಸೋತ ಇತಿಹಾಸವನ್ನು ಹಳೆಯ ಕೇರಿಯ ಗೋಡೆಗಳ ಮೇಲೆ ಪಿಂಗಾಣಿ ಹಂಚುಗಳಲ್ಲಿ ಬರೆದಿಟ್ಟಿದ್ದಾರೆ. ಚಂದದಲ್ಲಿ ಫ್ರಿಹಿಲಿಯಾನಾ ಒಂದು ಕೈ ಮೇಲು. ಆದರೆ ಹಗಲಿಡೀ ಪ್ರವಾಸಿ ಬಸ್ಸುಗಳು ತುಂಬಿರುವ ಅಲ್ಲಿಗಿಂತ, ದ್ರಾಕ್ಷಿಯ ಕೆಲಸ ಇನ್ನೂ ಕಣ್ಣೆದುರು ನಡೆಯುವ ಕೋಂಪೆಟಾದಲ್ಲಿ ತಂಗುವುದನ್ನೇ ನಾನು ಶಿಫಾರಸು ಮಾಡುತ್ತೇನೆ.

ತಂಗಿದ ಮನೆ ಸ್ವಚ್ಛವಾಗಿತ್ತು, ದಪ್ಪ ಗೋಡೆಗಳಿಂದಾಗಿ ಎಸಿ ಬೇಕೆನಿಸಲಿಲ್ಲ, ಮಹಡಿಯಿಂದ ಸಮುದ್ರ ಕಾಣುತ್ತಿತ್ತು. ಆದರೆ ಫೋಟೋಗಳಲ್ಲಿ ಕಾಣದ ಒಂದು ಸಂಗತಿಯೆಂದರೆ ಮೆಟ್ಟಿಲು. ಹಳೆಯ ಕೇರಿಗಳೊಳಗೆ ಕಾರು ಹೋಗುವುದಿಲ್ಲ, ಸೂಟ್‌ಕೇಸನ್ನು ಎತ್ತಿಕೊಂಡೇ ಹತ್ತಬೇಕು. ಮೊಣಕಾಲು ನೋವಿರುವವರು ಕಾಯ್ದಿರಿಸುವ ಮುನ್ನ ಮನೆ ಚೌಕದ ಮಟ್ಟದಲ್ಲಿದೆಯೇ, ಮೇಲಿನ ಕೇರಿಯಲ್ಲಿದೆಯೇ ಎಂದು ಕೇಳಿ ಬರವಣಿಗೆಯಲ್ಲಿ ಉತ್ತರ ಪಡೆಯುವುದು ಲೇಸು. ಮನೆಯ ಒಡತಿ ಅತ್ತೆಯವರಿಗಾಗಿ ಕೆಳಗಿನ ಕೋಣೆ ಬಿಟ್ಟುಕೊಟ್ಟದ್ದು ಅವರ ಸೌಜನ್ಯ. ಅದು ಒಪ್ಪಂದದಲ್ಲಿ ಇದ್ದದ್ದಲ್ಲ.

ಹೋಗುವ ಕಾಲವೆಂದರೆ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಆರಂಭ. ಪ್ರತಿ ವರ್ಷ ಆಗಸ್ಟ್ 15ರಂದು ಇಲ್ಲಿ ವೈನ್ ರಾತ್ರಿ ಎಂಬ ಹಬ್ಬ ನಡೆಯುತ್ತದೆ. ದ್ರಾಕ್ಷಿ ತುಳಿಯುವುದು, ಊರವರೆಲ್ಲರಿಗೂ ಮಿಗಾಸ್ ಮತ್ತು ವೈನ್ ಹಂಚುವುದು, ರಾತ್ರಿ ಫ್ಲಮೆಂಕೋ ಹಾಡು ಕುಣಿತ ಎಲ್ಲವೂ ಅಂದೇ. ಉತ್ಸಾಹಿಗಳಿಗೆ ಅದು ಸರಿ, ಆದರೆ ಊರನ್ನು ನೋಡಬೇಕೆಂದಿರುವವರು ಆ ಜಂಗುಳಿ ಕರಗಿದ ಮೇಲೆ ಹೋಗುವುದು ಒಳ್ಳೆಯದು. ಒಣದ್ರಾಕ್ಷಿಯ ಕೆಲಸವೂ ಆಗಲೇ ಭರದಿಂದ ಸಾಗಿರುತ್ತದೆ.

ಮಂಗಳೂರಿನಿಂದ ಹೊರಡುವವರು ಕೊಲ್ಲಿಯ ನಗರವೊಂದರ ಮೂಲಕ ಮ್ಯಾಡ್ರಿಡ್ ಸೇರಿ, ಅಲ್ಲಿಂದ ವೇಗದ ರೈಲಿನಲ್ಲಿ ಮೂರು ಗಂಟೆಯೊಳಗೆ ಮಾಲಗಾ ತಲುಪಬಹುದು. ಸ್ಪೇನಿಗೆ ಹೋಗಲು ಬೇಕಾದ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ ವಯಸ್ಕರಿಗೆ 90 ಯೂರೋ, ಅರ್ಜಿ ನಿರಾಕರಿಸಿದರೂ ಅದು ಮರಳಿ ಬಾರದು. ಮಾಲಗಾದಿಂದ ಕೋಂಪೆಟಾಕ್ಕೆ ಬಸ್ಸುಗಳು ವಿರಳ, ರಜಾದಿನಗಳಲ್ಲಿ ಇನ್ನೂ ವಿರಳ. ಆದುದರಿಂದ ಹಿಂದಿರುಗುವ ಪ್ರಯಾಣವನ್ನು ಭಾನುವಾರಕ್ಕೆ ಇಟ್ಟುಕೊಳ್ಳಬಾರದು. ವೈನ್ ತರುವವರು ಸುಂಕವಿಲ್ಲದೆ ತಲಾ 2 ಲೀಟರ್ ತರಬಹುದು, ಬಾಟಲಿಗಳನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿಯೇ ಇಡಬೇಕು. ಕಬ್ಬಿನ ಪಾಕದ ಡಬ್ಬಿಗೂ ಇದೇ ನಿಯಮ. ಕೈಚೀಲದಲ್ಲಿಟ್ಟಿದ್ದ ನಮ್ಮ ಸಹಪ್ರಯಾಣಿಕರೊಬ್ಬರ ಡಬ್ಬಿಯನ್ನು ಮಾಲಗಾ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ದ್ರವವೆಂದು ತೆಗೆದಿಟ್ಟುಕೊಂಡರು. ಒಣದ್ರಾಕ್ಷಿಗೆ ಅಂಥ ತಕರಾರು ಎದುರಾಗಲಿಲ್ಲ.