ಮನೆತೋಟದ ಬ್ಲೂಬೆರಿ: ಯಾವ ತಳಿಗೆ ನನ್ನ ಮತ

ನರ್ಸರಿಯ ಚೀಟಿಗಳನ್ನು ನಂಬಿದರೆ ಎಲ್ಲ ಬ್ಲೂಬೆರಿಯೂ ದಪ್ಪ, ಎಲ್ಲವೂ ಸಿಹಿ. ಅಲ್ಲಿ ನಾನು ಮೊದಲು ಹುಡುಕುವುದು, ಗಿಡಕ್ಕೆ ಎಷ್ಟು ಗಂಟೆಗಳ ಚಳಿ ಬೇಕು ಎಂಬುದನ್ನು. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ಸಾಕಷ್ಟು ಹೊತ್ತು ತಾಗದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. 1952ರಲ್ಲಿ ಬಿಡುಗಡೆಯಾದ ಬ್ಲೂಕ್ರಾಪ್ ಎಲ್ಲರ ಬಾಯಲ್ಲೂ ಇರುವ ತಳಿ, ಒಳ್ಳೆಯದೂ ಹೌದು. ಆದರೆ ಅದು ಬೇಡುವ ಚಳಿ ಸುಮಾರು 800 ಗಂಟೆ. ನನ್ನ ತೋಟದಲ್ಲಿ ಅಷ್ಟು ಚಳಿಯಿಲ್ಲ, ಹಾಗಾಗಿ ಅದಕ್ಕೆ ಜಾಗವೂ ಇಲ್ಲ.

ನನ್ನ ಮೊದಲ ಮತ ಸನ್‌ಶೈನ್ ಬ್ಲೂಗೆ. ಸುಮಾರು 150 ಗಂಟೆಗಳ ಚಳಿ ಅದಕ್ಕೆ ಸಾಕು. ಮೂರ್ನಾಲ್ಕು ಅಡಿಗೆ ನಿಲ್ಲುವುದರಿಂದ ದೊಡ್ಡ ಕುಂಡದಲ್ಲಿಯೇ ಬೆಳೆಸಬಹುದು. ಒಂದೇ ಗಿಡವಿದ್ದರೂ ಕಾಯಿ ಕಚ್ಚುತ್ತದೆ. ಹಣ್ಣು ಬಹಳ ದೊಡ್ಡದಲ್ಲ, ಆದರೆ ಸಿಹಿಯ ಹಿಂದೆಯೇ ಬರುವ ಆ ಸಣ್ಣ ಹುಳಿ ನನಗೆ ಬಲು ಇಷ್ಟ.

ಮಿಸ್ಟಿಯೂ ಕಡಿಮೆ ಚಳಿಯ ತಳಿಯೇ. ರುಚಿಯಲ್ಲಿ ಅದನ್ನು ದೂರುವಂತಿಲ್ಲ. ಅದರ ತೊಂದರೆ ಅತಿಯಾಸೆ: ಕೊಂಬೆಯ ತುಂಬ ಹೂ, ಎಲೆ ಮಾತ್ರ ಅಲ್ಲೊಂದು ಇಲ್ಲೊಂದು. ಹಾಗೆಯೇ ಬಿಟ್ಟರೆ ಹಣ್ಣು ಸಣ್ಣದಾಗಿ ಗಿಡವೂ ಸೊರಗುತ್ತದೆ. ಚಳಿಗಾಲದ ಕೊನೆಗೆ ಕೊಂಬೆಗಳ ತುದಿ ಸವರಿ, ದಪ್ಪನೆಯ ಹೂಮೊಗ್ಗುಗಳಲ್ಲಿ ಒಂದಷ್ಟನ್ನು ತೆಗೆಯಲೇಬೇಕು. ಆ ತಾಳ್ಮೆ ಇಲ್ಲದವರಿಗೆ ಇದನ್ನು ನಾನು ಹೇಳುವುದಿಲ್ಲ.

ಸೆಖೆ ತಡೆಯುವುದರಲ್ಲಿ ರ‍್ಯಾಬಿಟೈ ಎಂಬ ಬ್ಲೂಬೆರಿ ಗುಂಪು ಮುಂದು. ಬ್ರೈಟ್‌ವೆಲ್ ತಂದರೆ ಜೊತೆಗೆ ಅದೇ ಗುಂಪಿನ ಪೌಡರ್‌ಬ್ಲೂ ತರಬೇಕು. ಈ ಗುಂಪಿನಲ್ಲಿ ಬೇರೆ ತಳಿಯ ಪರಾಗ ಸಿಗದಿದ್ದರೆ ಫಸಲು ತೀರ ಕಡಿಮೆ. ಸಿಪ್ಪೆ ಸ್ವಲ್ಪ ದಪ್ಪ, ಬೀಜ ಹಲ್ಲಿಗೆ ಸಿಗುತ್ತದೆ. ಇವುಗಳನ್ನು ಹುಳಿ ಎಂದು ದೂರುವವರು ಕೊಯ್ಯಲು ಅವಸರ ಮಾಡಿರುತ್ತಾರೆ. ಹಣ್ಣನ್ನು ಮೆಲ್ಲಗೆ ತಿರುಗಿಸಿ ತೊಟ್ಟಿನ ಸುತ್ತ ನೋಡಿ. ಅಲ್ಲಿ ಕೆಂಪು ಬಳೆಯಂಥ ಗೆರೆ ಉಳಿದಿದ್ದರೆ ಕೀಳಬೇಡಿ. ಮೈಯೆಲ್ಲ ನೀಲಿಯಾದ ಮೇಲೂ ಕೆಲವು ದಿನ ಗಿಡದಲ್ಲೇ ಇರಲಿ. ಬೆರಳು ತಾಗಿದೊಡನೆ ಕೈಗೆ ಬಂದು ಬೀಳುವ ಹಣ್ಣೇ ಸಿಹಿ.

ತಳಿ ಯಾವುದೇ ಇರಲಿ, ಮಣ್ಣಿನ ರಸಸಾರ (ಪಿಎಚ್) 4.5ರಿಂದ 5.5ರೊಳಗೆ ಇರಬೇಕು. ಅದಕ್ಕಿಂತ ಹೆಚ್ಚಾದರೆ ಕಬ್ಬಿಣದ ಅಂಶ ಸಿಗದೆ ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಗಂಧಕ ಬೆರೆಸಿದರೆ ಮಣ್ಣು ಹುಳಿಯಾಗಲು ತಿಂಗಳುಗಳೇ ಬೇಕು, ಆದ್ದರಿಂದ ಆ ಕೆಲಸ ಗಿಡ ತರುವ ಮೊದಲೇ ಆಗಲಿ. ಬೇರು ನವಿರು, ಮೇಲ್ಮಟ್ಟದಲ್ಲೇ ಹರಡುತ್ತದೆ. ಬುಡಕ್ಕೆ ಪೈನ್ ತೊಗಟೆ ಹೊದಿಸಿ, ಗುದ್ದಲಿ ಹಾಕಬೇಡಿ.

ಗುಲಾಬಿ ಬಣ್ಣದ ಹಣ್ಣು ಬಿಡುವ ಪಿಂಕ್ ಲೆಮನೇಡ್ ನೋಡಲು ಬಹಳ ಚೆಂದ. ಮೇಲಿನವು ನೆಲೆಯೂರಿದ ಮೇಲೆ ಮೂಲೆಯಲ್ಲಿ ಜಾಗ ಉಳಿದರೆ ಅದನ್ನೂ ತನ್ನಿ.