ಕೆಚ್ಚಲು ಬಾವಿಗೆ ಲೋಳೆಸರನಾ, ಬೆಳ್ಳುಳ್ಳಿ ಎಣ್ಣೆನಾ, ಅಂಗಡಿ ಜೆಲ್ಲಾ?

ನಮ್ಮ ಶಿಡ್ಲಘಟ್ಟದ ಕಡೆ ರೇಷ್ಮೆಗೂಡಿನ ರೇಟು ಬಿದ್ದಾಗ ಮನೆ ನಡಿಯೋದು ಹಾಲಿಂದಾನೇ, ಅಂಥದ್ರಲ್ಲಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನೋ ಸೀಮೆ ತಳಿ) ಹಸು ಒಂದು ಮೊಲೆ ಕಳ್ಕೊಂಡ್ರೆ ಆ ಸೂಲು ಪೂರ್ತಿ ಏಟು. ಮೂರೂ ಹಚ್ಚಿ ನೋಡಿದೀನಿ. ನನ್ನ ಓಟು ಲೋಳೆಸರಕ್ಕೆ, ಆದ್ರೆ ಎಲ್ಲಾ ಬಾವಿಗೂ ಅಲ್ಲ.

ಲೋಳೆಸರದ ಮದ್ದು ತಮಿಳುನಾಡಿನ ಪಶುವೈದ್ಯ ಪ್ರೊಫೆಸರ್ ಪುಣ್ಯಮೂರ್ತಿ ಅವರು ಹೇಳ್ಕೊಟ್ಟಿದ್ದು, ಎನ್‌ಡಿಡಿಬಿನೂ (ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ) ಪ್ರಚಾರ ಮಾಡ್ತಿದೆ. 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ಮಿಕ್ಸಿಗೆ ಹಾಕಿದ್ರೆ ಕೆಂಪಗೆ ಪೇಸ್ಟ್ ಆಗುತ್ತೆ. ಸುಣ್ಣ ಅಂದ್ರೆ ಎಲೆಅಡಿಕೆ ಸುಣ್ಣ, ರೇಷ್ಮೆಹುಳು ಸಾಕೋ ಮನೇಲಿ ಎರಚೋಕೆ ಇಟ್ಟಿರೋ ಪುಡಿ ತಗೋಬೇಡಿ, ಅದ್ರಲ್ಲಿ ಎಷ್ಟೋ ಸಲ ಬ್ಲೀಚಿಂಗ್ ಸೇರಿರುತ್ತೆ. ಕೆಚ್ಚಲು ತೊಳೆದು, ಕೆಟ್ಟ ಹಾಲೆಲ್ಲಾ ಹಿಂಡಿ ತೆಗೆದು, ಒಂದು ಹಿಡಿ ಪೇಸ್ಟ್‌ಗೆ 150-200 ಎಂಎಲ್ ನೀರು ಬೆರೆಸಿ ಇಡೀ ಕೆಚ್ಚಲಿಗೆ ಸುರಿದು ಸವರಬೇಕು, ದಿನಕ್ಕೆ 10 ಸಲ, 5 ದಿನ, ದಿನಾ ಹೊಸದಾಗಿ ರುಬ್ಬಿ, ಜೊತೆಗೆ ನಿಂಬೆಹಣ್ಣು ಹೋಳು ಮಾಡಿ ತಿನ್ನಿಸಬೇಕು. ಈ 10 ಸಲ ಅನ್ನೋದೇ ಕಷ್ಟ, ಮನೇಲಿ ಯಾರಾದ್ರೂ ಇರಲೇಬೇಕು, ಬೆಳಿಗ್ಗೆ ಸಂಜೆ ಎರಡೇ ಸಲ ಹಚ್ಚಿ ಕೆಲಸ ಮಾಡಲಿಲ್ಲ ಅನ್ನೋರು ಮದ್ದಿಗೆ ಅನ್ಯಾಯ ಮಾಡ್ತಿದಾರೆ. ಹಾಲು ಒಡೆದ ಹಾಗೆ ಬರೋಕೆ ಶುರುವಾದ ತಕ್ಷಣ ಹಿಡ್ಕೊಂಡ್ರೆ ಮೊದಲು ಬಿಸಿ ಇಳಿಯುತ್ತೆ, ಆಮೇಲೆ ಗಟ್ಟಿ ಮೆತ್ತಗಾಗುತ್ತೆ, ಗಡ್ಡೆ ಹೋಗೋದು ಕೊನೆಗೆ. ಹಾಲಲ್ಲಿ ರಕ್ತ ಕಂಡ್ರೆ ಕರಿಬೇವು ಬೆಲ್ಲ ರುಬ್ಬಿ ಬಾಯಿಗೂ ಕೊಡಬೇಕು.

ಬೆಳ್ಳುಳ್ಳಿ ಎಣ್ಣೆ ಬೇರೆ ವಿಷಯ. ಎಳ್ಳೆಣ್ಣೆ 200 ಎಂಎಲ್, ಒಂದು ಹಿಡಿ ಅರಿಶಿನ, ಬೆಳ್ಳುಳ್ಳಿ, ಬೆಚ್ಚಗೆ ಮಾಡಿ ಆರಿಸಿ ಹಚ್ಚೋದು. ಕರು ಹಾಕೋ ಮುಂಚೆ ಕೆಚ್ಚಲು ಊದ್ಕೊಂಡು ಬೆರಳಿಂದ ಒತ್ತಿದ್ರೆ ಗುಳಿ ಹಾಗೇ ನಿಲ್ಲುತ್ತಲ್ಲ, ಆ ನೀರು ತುಂಬಿದ ಊತಕ್ಕೆ ಇದರಷ್ಟು ಚೆನ್ನಾಗಿರೋದು ನಾನು ನೋಡಿಲ್ಲ. ಸೋಂಕಾಗಿ ಸುಡ್ತಿರೋ ಮೊಲೆಗೆ ಮಾತ್ರ ಬೇಡ, ಉಜ್ಜೋಕೆ ಹೋದ್ರೆ ಹಸುಗೆ ನೋವು, ಒದೆಯುತ್ತೆ, ಗಡ್ಡೆನೂ ಕಮ್ಮಿಯಾಗಲ್ಲ.

ಅಂಗಡಿ ಹರ್ಬಲ್ ಜೆಲ್ ಹಚ್ಚೋಕೆ ಸುಲಭ. ಊತ ಸ್ವಲ್ಪ ಇಳಿಯುತ್ತೆ, ಆದ್ರೆ ದೊಡ್ಡ ಕೆಚ್ಚಲಿಗೆ ಟ್ಯೂಬ್ ಬೇಗ ಖಾಲಿ, ಲೋಳೆಸರ ಬೇಲಿ ಪಕ್ಕದಲ್ಲೇ ಇರೋವಾಗ ನನಗೆ ಆ ದುಡ್ಡು ಕೊಡೋಕೆ ಮನಸ್ಸು ಬರಲ್ಲ.

ಹಸುಗೆ ಜ್ವರ ಬಂದು ಮೇವು ಬಿಟ್ಟಿದ್ರೆ, ಹಾಲು ನೀರಿನ ಥರ ಬಂದ್ರೆ, ಮೊಲೆ ತಣ್ಣಗಾಗಿ ನೀಲಿ ತಿರುಗಿದ್ರೆ ಈ ಮೂರರಲ್ಲಿ ಯಾವುದನ್ನೂ ನಂಬ್ಕೊಂಡು ಕೂರಬೇಡಿ, ಅವತ್ತೇ ಡಾಕ್ಟರನ್ನ ಕರೆಸಿ. ಮದ್ದು ಯಾವುದೇ ಇರಲಿ, ಬಾವಿನ ಮೊಲೆ ಹಾಲು ಡೈರಿ ಕ್ಯಾನಿಗೆ ಹಾಕಬೇಡಿ, ಕೊಟ್ಟಿಗೆ ನೆಲದ ಮೇಲೂ ಹಿಂಡಬೇಡಿ, ಪಕ್ಕದ ಹಸು ಅದರ ಮೇಲೇ ಮಲಗುತ್ತೆ.